ಅರ್ಧ ದಾರಿಯಲ್ಲಿ ತಂಡಗಳು

ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಫುಟ್‌ಬಾಲಿನಲ್ಲಿ ಒಂದು ತಂಡಕ್ಕೆ 38 ಪಂದ್ಯ. 19 ಮುಗಿದವೆಂದರೆ ಬಾಪೂಜಿ ನಗರದ ನಮ್ಮ ಮನೆಯಲ್ಲಿ ಅರ್ಧವಾರ್ಷಿಕ ಪರೀಕ್ಷೆಯ ಫಲಿತಾಂಶ ಬಂದ ಹಾಗೆ! ಮಕ್ಕಳೆಲ್ಲ ಫ್ಯಾಂಟಸಿ ಲೀಗಿನಲ್ಲಿ 10 ಕೋಟಿ ಪೌಂಡಿನ ಸುಳ್ಳು ದುಡ್ಡಿಗೆ 15 ಆಟಗಾರರನ್ನು ಕೊಂಡಿದ್ದಾರೆ. ಅಲ್ಲಿ ಅವರು ಗೋಲು ಹೊಡೆದರೆ ಇಲ್ಲಿ ಇವರಿಗೆ ಅಂಕ, ನಾಯಕನದಾದರೆ ಎರಡರಷ್ಟು. (ದುಡ್ಡು ಕಟ್ಟುವ ಆಟಗಳನ್ನು 2025ರ ಕಾಯ್ದೆ ನಿಲ್ಲಿಸಿತು. ಇದರಲ್ಲಿ ಪೈಸೆಯೂ ಇಲ್ಲ, ಅದಕ್ಕೇ ನಾನು ಸುಮ್ಮನಿದ್ದೇನೆ.) ಮಗಳು ಮುಂದಿದ್ದಾಳೆ, ಅವಳ ಅಣ್ಣನಿಗೆ ಹೊಟ್ಟೆಯುರಿ. ಕೊನೆಯವನು ಡಬ್ಲಿನ್ನಿನಲ್ಲಿರುವ ನನ್ನ ತಂಗಿಯ ಮಗ. ಅಂಕ ಹಾಳಾಗಲಿ, ಮೂರು ವಾರದಿಂದ ಅವನು ತಂಡವನ್ನೇ ಮುಟ್ಟಿಲ್ಲ. ಗಾಯಗೊಂಡು ಕೂತವನೇ ಇನ್ನೂ ನಾಯಕ. ಕೇಳಿದರೆ, "ಚೆನ್ನಾಗಿದ್ದೀನಿ ದೊಡ್ಡಮ್ಮ" ಅನ್ನುತ್ತಾನೆ. ನನಗೇಕೋ ನಂಬಿಕೆಯಿಲ್ಲ. ಭಾನುವಾರ ತಂಗಿಯನ್ನೂ ಕರೆಸಿ, ಅವನ ಮುಖ ನೋಡಿಕೊಂಡೇ ಮಾತಾಡಬೇಕು.