ತಮ್ಮನ ಜೀಪು ಮತ್ತು ಒಂದು ಸಣ್ಣ ಸದ್ದು

ನನ್ನ ತಮ್ಮ ಮಡಿಕೇರಿಯಲ್ಲಿ ಜೀಪು ಓಡಿಸುತ್ತಾನೆ. ಪ್ರವಾಸಿಗರನ್ನು ಮಾಂದಲ್‌ಪಟ್ಟಿ ಬೆಟ್ಟಕ್ಕೆ ಕರೆದೊಯ್ದು ತರುವುದೇ ಅವನ ದುಡಿಮೆ. 2008ರಲ್ಲಿ 'ಗಾಳಿಪಟ' ಚಿತ್ರದಲ್ಲಿ ಆ ಬೆಟ್ಟವನ್ನು ಜನ ನೋಡಿದ ಮೇಲೆ ಅಲ್ಲಿಗೆ ಹೋಗುವವರು ಹೆಚ್ಚಿದರು. ಕೊನೆಯ ಕೆಲವು ಕಿಲೋಮೀಟರ್ ದಾರಿ ಕಲ್ಲು, ಹೊಂಡ, ಕೆಸರು. ಸಾಮಾನ್ಯ ಕಾರುಗಳಿಗೆ ಅದು ಕಷ್ಟ. ನಾಲ್ಕೂ ಗಾಲಿಗೆ ಬಲ ಕೊಡುವ ಜೀಪುಗಳೇ ಬೇಕು.

ಕಳೆದ ದಸರಾ ರಜೆಯಲ್ಲಿ ನಾನು ಮಕ್ಕಳೊಂದಿಗೆ ತವರಿಗೆ ಹೋಗಿದ್ದೆ. "ಆಪಾ, ಊರಿನವರಾಗಿಯೂ ನೀನು ಬೆಟ್ಟ ನೋಡಿಲ್ಲವಲ್ಲ, ಬಾ" ಎಂದು ತಮ್ಮ ಒಂದು ಗುರುವಾರ ನಮ್ಮನ್ನೆಲ್ಲ ಹತ್ತಿಸಿಕೊಂಡು ಹೊರಟ. ಹಿಂದಿನ ದಿನ ಜೋರು ಮಳೆಯಾಗಿತ್ತು. ಒಂದೆರಡು ಹೊಂಡಗಳಲ್ಲಿ ಗಾಲಿ ಅರ್ಧ ಮುಳುಗುವಷ್ಟು ನೀರಿತ್ತು. ಮಕ್ಕಳಿಗೆ ಅದೇ ಸಂಭ್ರಮ. ನಾನು ಮಾತ್ರ ಕಂಬಿ ಬಿಗಿಯಾಗಿ ಹಿಡಿದು ಕುಳಿತಿದ್ದೆ.

ಇಳಿದು ಟಾರು ರಸ್ತೆಗೆ ಬಂದಾಗ ನನ್ನ ಕಿವಿಗೆ ಏನೋ ಬಿತ್ತು. ಸೀಟಿನ ಕೆಳಗಿನಿಂದ ಹಕ್ಕಿಮರಿ ಕೂಗಿದಂತೆ ಕೀಚ್, ಕೀಚ್, ಕೀಚ್. ತಮ್ಮನಿಗೆ ಹೇಳಿದೆ. "ಹಳೇ ಗಾಡಿ ಆಪಾ, ಸದ್ದು ಮಾಡದಿದ್ದರೆ ಹೇಗೆ?" ಎಂದು ನಕ್ಕು ಹಾಡಿನ ಸದ್ದು ಏರಿಸಿದ.

ನಾನು ಮದ್ರಸದಲ್ಲಿ ಕಲಿತವಳು, ಈಗ ಅಲ್ಲಿಯೇ ಕಲಿಸುವವಳು. ಬಿ.ಎ. ಮಾಡಿದ್ದು ಆಮೇಲೆ, ಮಕ್ಕಳಾದ ಮೇಲೆ. ಗಾಡಿಯ ವಿಷಯ ನನಗೇನೂ ತಿಳಿಯದು. ಆದರೆ ಇಪ್ಪತ್ತು ವರ್ಷಗಳಿಂದ ಪುಟ್ಟ ಮಕ್ಕಳ ಬಾಯಲ್ಲಿ 'ಸೀನ್' ಯಾವುದು, 'ಸ್ವಾದ್' ಯಾವುದು ಎಂದು ಬೇರ್ಪಡಿಸಿ ಕೇಳುತ್ತಾ ಬಂದ ಕಿವಿ ಇದು. ಸದ್ದು ಬದಲಾದರೆ ಸುಮ್ಮನಿರಲು ಅದಕ್ಕೆ ಬರುವುದಿಲ್ಲ.

ಮರುದಿನ ಜುಮಾ ನಮಾಝ್ ಮುಗಿಸಿ ಬಂದ ತಮ್ಮನನ್ನು ಮತ್ತೆ ಹಿಡಿದೆ. ಅವನಿಗೆ ಸಿಟ್ಟೇ ಬಂತು. "ನಾಳೆ ಬೆಳಿಗ್ಗೆ ಐದಕ್ಕೆ ಒಂದು ಕುಟುಂಬ ಬುಕ್ ಮಾಡಿದೆ. ಆರು ಜನ. ಮುಂಗಡ ತೆಗೆದುಕೊಂಡಿದ್ದೇನೆ. ಈಗ ಗ್ಯಾರೇಜಿಗೆ ಹಾಕಿದರೆ ಸೀಸನ್ ಹೋಯಿತು" ಎಂದ.

ಅವನ ಸಂಕಟ ನನಗೆ ಗೊತ್ತಿತ್ತು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಪ್ರವಾಸಿಗರು ಬಾರದೆ ಈ ಜೀಪು ತಿಂಗಳುಗಟ್ಟಲೆ ಅಂಗಳದಲ್ಲೇ ನಿಂತಿತ್ತು. 2020ರ ಲಾಕ್‌ಡೌನ್‌ನಲ್ಲಿ ಮತ್ತೊಮ್ಮೆ ನಿಂತಿತು. ಕಂತು ಮಾತ್ರ ನಿಲ್ಲಲಿಲ್ಲ. ನಾದಿನಿ ಬಳೆ ಅಡವಿಟ್ಟದ್ದು ಆಗಲೇ. ಒಂದು ದಿನದ ಬಾಡಿಗೆಯ ಬೆಲೆ ಆ ಮನೆಗೇ ಗೊತ್ತು.

ಅಮ್ಮೀ ನಡುವೆ ಬಂದರು. "ಹತ್ತಿರದ ಚಾಚಾನಿಗೆ ಒಮ್ಮೆ ತೋರಿಸು. ಏನೂ ಇಲ್ಲವೆಂದರೆ ನಿನ್ನ ಆಪಾಳ ಬಾಯಿಯೂ ಮುಚ್ಚುತ್ತದೆ" ಎಂದರು.

ಆ ಚಾಚಾ ವಯಸ್ಸಾದ ಮೆಕ್ಯಾನಿಕ್. ಸ್ಪ್ಯಾನರ್ ಮುಟ್ಟುವ ಮೊದಲು ಅವರು ಪ್ರಶ್ನೆ ಕೇಳತೊಡಗಿದರು. ತಮ್ಮನಿಗೆ ಉತ್ತರ ಗೊತ್ತಿರಲಿಲ್ಲ, ನಾನೇ ಹೇಳಿದೆ.

"ಗಾಡಿ ನಿಂತಿರುವಾಗ ಇಂಜಿನ್ ರೇಸ್ ಮಾಡಿದರೆ ಸದ್ದು ಬರುತ್ತದೆಯೇ?" ಇಲ್ಲ. ಹಾಗಾದರೆ ಇಂಜಿನ್‌ನದ್ದಲ್ಲ. "ಮೆಲ್ಲಗೆ ಬ್ರೇಕ್ ಒತ್ತಿದರೆ ಬದಲಾಗುತ್ತದೆಯೇ?" ಇಲ್ಲ. ಬ್ರೇಕಿನೊಳಗೆ ಕಲ್ಲು ಸಿಕ್ಕಿಕೊಂಡಿದ್ದರೆ ಬದಲಾಗುತ್ತಿತ್ತಂತೆ. "ಜೇನುನೊಣದ ಹಾಗೆ ಗುಂಯ್ ಎನ್ನುತ್ತದೆಯೇ?" ಇಲ್ಲ. ಅದು ಗಾಲಿಯ ಬೇರಿಂಗ್ ಸವೆದಾಗಿನ ಸದ್ದು, ತಿರುವಿನಲ್ಲಿ ಹೆಚ್ಚುಕಡಿಮೆಯಾಗುತ್ತದಂತೆ. "ಹಾಗಾದರೆ ಗಾಲಿ ಒಂದು ಸುತ್ತು ಬರುವಷ್ಟರಲ್ಲಿ ಎಷ್ಟು ಸಲ ಕೂಗುತ್ತದೆ?"

ಇದಕ್ಕೆ ನನ್ನ ಬಳಿಯೂ ಉತ್ತರವಿರಲಿಲ್ಲ. ಚಾಚಾ ಗಾಲಿಗೆ ಸೀಮೆಸುಣ್ಣದ ಗುರುತು ಹಾಕಿ ಜೀಪನ್ನು ನಿಧಾನ ಓಡಿಸಲು ಹೇಳಿದರು. ಗುರುತು ಒಂದು ಸುತ್ತು ಬರುವಷ್ಟರಲ್ಲಿ ನಾಲ್ಕೈದು ಸಲ ಕೀಚ್ ಎಂದಿತು. "ಗಾಲಿಯದ್ದಾದರೆ ಒಂದೇ ಸಲ ಕೂಗಬೇಕಿತ್ತು. ಗೇರ್ ಕಡೆಯಿಂದ ಹಿಂದಿನ ಹೌಸಿಂಗ್‌ಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಮಾತ್ರ ಗಾಲಿಗಿಂತ ನಾಲ್ಕೈದು ಪಟ್ಟು ವೇಗವಾಗಿ ಸುತ್ತುತ್ತದೆ. ಇದು ಕ್ರಾಸ್" ಎಂದರು. ಆಮೇಲೆ ಮುಂದಕ್ಕೂ ಹಿಂದಕ್ಕೂ ಗೇರ್ ಬದಲಿಸಿ ನೋಡಿದರು. ಪ್ರತಿ ಸಲವೂ ಕೆಳಗೆ 'ಟಣ್' ಎಂದಿತು.

ಗಾಲಿಗಳಿಗೆ ಕಲ್ಲು ಅಡ್ಡವಿಟ್ಟು, ಇಂಜಿನ್ ನಿಲ್ಲಿಸಿ, ಗೇರ್ ನ್ಯೂಟ್ರಲ್‌ಗೆ ತಂದು ಚಾಚಾ ಕೆಳಗೆ ನುಸುಳಿದರು. ಶಾಫ್ಟನ್ನು ಕೈಯಲ್ಲಿ ಹಿಡಿದು ಅತ್ತಿತ್ತ ತಿರುಚಿದಾಗ ಕೂಡಿಕೆಯಲ್ಲಿ ಅದು ಕುಲುಕುಲು ಅಲುಗಿತು. ಸುತ್ತ ಕೆಂಪು ತುಕ್ಕಿನ ಪುಡಿ. ಬಿಚ್ಚಿ ತಂದು ತೋರಿಸಿದರು. ಶಿಲುಬೆಯಾಕಾರದ ಅಂಗೈಯಗಲದ ಕಬ್ಬಿಣ. ಅದರ ನಾಲ್ಕು ತುದಿಯ ಬಟ್ಟಲುಗಳಲ್ಲಿ ಸೂಜಿಯಂತಹ ಉರುಳೆಗಳು ಇರಬೇಕಿತ್ತು. ಒಂದರಲ್ಲಿ ಅವು ಪುಡಿಯಾಗಿದ್ದವು. ಗ್ರೀಸ್ ಇರಬೇಕಾದಲ್ಲಿ ಕೆಸರು ನೀರು.

"ಇದು ಒಂದೇ ದಿನದ್ದಲ್ಲ ಮಗನೇ" ಎಂದರು ಚಾಚಾ. "ಪ್ರತಿ ಸಲ ನೀರಿಗಿಳಿದಾಗ ಗ್ರೀಸ್ ಸ್ವಲ್ಪ ಸ್ವಲ್ಪ ತೊಳೆದು ಹೋಗಿದೆ. ನಿನ್ನೆ ಅದು ಬಾಯಿಬಿಟ್ಟು ಹೇಳಿತು, ಅಷ್ಟೇ. ಇಳಿಜಾರಿನಲ್ಲಿ ತುಂಡಾಗಿ ಶಾಫ್ಟಿನ ಮುಂದಿನ ತುದಿ ಕೆಳಗೆ ಬಿದ್ದಿದ್ದರೆ ರಸ್ತೆಗೆ ಚುಚ್ಚಿ ಗಾಡಿಯನ್ನೇ ಎತ್ತಿ ಹಾಕುತ್ತಿತ್ತು."

ತಮ್ಮ ಮಾತಾಡಲಿಲ್ಲ. ನಿನ್ನೆ ಆ ಜೀಪಿನಲ್ಲಿ ನನ್ನ ಮಕ್ಕಳಿದ್ದರು, ಅವನ ಎರಡು ವರ್ಷದ ಮಗಳಿದ್ದಳು. ನಾಳೆ ಯಾರದೋ ಮಕ್ಕಳು ಕೂರುವವರಿದ್ದರು.

ಚಾಚಾ ಹಿಂದಿನ ಹೌಸಿಂಗ್‌ನ ಎಣ್ಣೆಯನ್ನೂ ಸ್ವಲ್ಪ ಇಳಿಸಿ ನೋಡಿದರು. ಹಾಲು ಹಾಕಿದ ಚಹಾದ ಬಣ್ಣವಿತ್ತು. ನೀರು ಸೇರಿದೆ ಎಂದರ್ಥ. ಓಡಿ ಬಿಸಿಯಾದ ಹೌಸಿಂಗ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಉಸಿರುಕೊಳವೆ ಕಟ್ಟಿದ್ದರೆ ಅದು ಸೀಲುಗಳ ಸಂದಿನಿಂದ ನೀರನ್ನೇ ಎಳೆದುಕೊಳ್ಳುತ್ತದಂತೆ. ಎಣ್ಣೆ ಬದಲಿಸದಿದ್ದರೆ ಮುಂದೆ ಹಲ್ಲುಚಕ್ರಗಳೇ ಹಾಳಾಗುತ್ತಿದ್ದವು. ಅದರ ಖರ್ಚಿನ ಮುಂದೆ ಹೊಸ ಕ್ರಾಸ್, ಎಣ್ಣೆ ಎರಡರ ಖರ್ಚೂ ಏನೇನೂ ಅಲ್ಲ.

ಹೊಸ ಕ್ರಾಸ್ ಸಿಕ್ಕಿ ಕೆಲಸ ಮುಗಿದದ್ದು ಶನಿವಾರ ಸಂಜೆ. ತಮ್ಮ ಆ ಬುಕಿಂಗನ್ನು ಮುಂಗಡದ ಸಮೇತ ಗೆಳೆಯನ ಜೀಪಿಗೆ ಒಪ್ಪಿಸಿದ. ಒಂದು ದಿನದ ದುಡಿಮೆ ಹೋಯಿತು. ಭಾನುವಾರ ಮತ್ತೆ ಬೆಟ್ಟ ಹತ್ತಿದ.

ಈಗ ಅವನು ಪ್ರತಿ ಟ್ರಿಪ್ ಮುಗಿದ ಮೇಲೆ ಕೆಳಭಾಗಕ್ಕೆ ನೀರು ಹೊಡೆದು ಕೆಸರು ತೆಗೆಯುತ್ತಾನೆ. ಆಳದ ನೀರಿಗಿಳಿದಿದ್ದರೆ ಕ್ರಾಸ್‌ಗಳಿಗೆ ಹಳೆಯ ಗ್ರೀಸ್ ಹೊರಬರುವವರೆಗೆ ಹೊಸದನ್ನು ತುಂಬಿಸಿ, ಹೌಸಿಂಗ್ ಎಣ್ಣೆಯ ಬಣ್ಣ ನೋಡುತ್ತಾನೆ. ಆಮೇಲೆ ಹಾಡು ಆರಿಸಿ, ಕಿಟಕಿ ಇಳಿಸಿ, ಗೋಡೆಯ ಪಕ್ಕದಲ್ಲಿ ನಿಧಾನವಾಗಿ ಒಮ್ಮೆ ಓಡಿಸುತ್ತಾನೆ. ಗೋಡೆಗೆ ಬಡಿದ ಸದ್ದು ಕಿವಿಗೆ ಸ್ಪಷ್ಟವಾಗಿ ಬರುತ್ತದೆ.

ನಮ್ಮ ಮನೆಗಳಲ್ಲಿ ಗಾಡಿಯ ವಿಷಯ ಬಂದರೆ ಹೆಂಗಸರು ಬಾಯಿ ಹಾಕುವುದು ಕಡಿಮೆ. "ನಿನಗೇನು ಗೊತ್ತು" ಎಂಬ ಒಂದು ಮಾತಿಗೆ ಸುಮ್ಮನಾಗಿಬಿಡುತ್ತೇವೆ. ಓಡಿಸುವವರ ಕಿವಿ ದಿನವೂ ಕೇಳಿ ಪಳಗಿಬಿಟ್ಟಿರುತ್ತದೆ. ಪಕ್ಕದಲ್ಲಿ ಕುಳಿತವರಿಗೇ ಹೊಸ ಸದ್ದು ಮೊದಲು ಕೇಳಿಸುವುದು. ಕೇಳಿಸಿದರೆ ಹೇಳಿ. ಯಾವಾಗ, ಎಲ್ಲಿಂದ, ಯಾವ ವೇಗದಲ್ಲಿ ಎಂದು ನೆನಪಿಟ್ಟು ಹೇಳಿ. ನಕ್ಕರೆ ಇನ್ನೊಮ್ಮೆ ಹೇಳಿ.

ಮೊನ್ನೆ ತವರಿಗೆ ಹೋದಾಗ ತಮ್ಮ ಜೀಪಿನ ಬಾಗಿಲು ತೆರೆದು ಹಿಡಿದ. "ಆಪಾ, ಒಂದು ಸುತ್ತು ಬರೋಣ. ಏನಾದರೂ ಕೇಳಿಸುತ್ತದಾ ನೋಡು" ಎಂದ.