ಅರವತ್ತಾರು ದಿನದ ದೊರೆ

ಹಳೆಯ ನಾಣ್ಯ ಕೂಡಿಹಾಕುವವನನ್ನು ಕಂಡರೆ ಜನ ಎರಡೇ ಪ್ರಶ್ನೆ ಕೇಳುತ್ತಾರೆ: ಇದು ಎಷ್ಟು ಹಳೆಯದು? ಇದಕ್ಕೆ ಈಗ ಏನು ಬೆಲೆ? ಮೊದಲನೆಯದರ ಉತ್ತರ ಕೇಳಿದಾಗ ಅವರ ಮುಖ ಅರಳುತ್ತದೆ. ಎರಡನೆಯದರ ಉತ್ತರ ಕೇಳಿದಾಗ ಬಾಡುತ್ತದೆ. ಸಾವಿರದ ಎಂಟುನೂರು ವರ್ಷಗಳ ಹಿಂದಿನ ಬೆಳ್ಳಿಯ ನಾಣ್ಯ, ಅದರ ಮೇಲೆ ಚಕ್ರವರ್ತಿಯ ಮುಖ. ಬೆಲೆ ನೋಡಿದರೆ ಒಂದು ಜೊತೆ ಒಳ್ಳೆಯ ಪಾದರಕ್ಷೆಯದು! ಹಳತಾದ ಮಾತ್ರಕ್ಕೆ ಯಾವುದೂ ಅಪರೂಪವಾಗದು. ಈ ಮಾತನ್ನು ನಾನು ಪುಸ್ತಕಗಳಲ್ಲಿ ಎಷ್ಟೋ ಸಲ ಓದಿದ್ದೆ. ಅಪರೂಪವಾದ ಮಾತ್ರಕ್ಕೆ ಯಾವುದೂ ದೊಡ್ಡದಾಗದು ಎಂಬ ಇನ್ನೊಂದು ಮಾತು ನಾನು ಓದಿದ ಪುಸ್ತಕಗಳಲ್ಲಿ ಇರಲಿಲ್ಲ. ಅದನ್ನು ಕಲಿಯಲು ಒಂದು ವೀಣೆಯ ಹಣ ತೆರಬೇಕಾಯಿತು.

ಕನ್ನಡ ಪಾಠ ಹೇಳುವವನಿಗೆ ರೋಮಿನ ಗೊಡವೆ ಏಕೆ ಎಂದು ನೀವು ಕೇಳಬಹುದು. ಈ ಹುಚ್ಚು ಹಿಡಿಸಿದವರು ನಮ್ಮ ಕಾಲೇಜಿನಲ್ಲಿ ಚರಿತ್ರೆ ಹೇಳಿ ನಿವೃತ್ತರಾದ ಹಿರಿಯರೊಬ್ಬರು. ನಾವೆಲ್ಲ ಅವರನ್ನು 'ಮೇಷ್ಟ್ರು' ಎಂದೇ ಕರೆಯುವುದು. ಒಂದು ಸಂಜೆ 'ದೀನಾರ' ಎಂಬ ಶಬ್ದದ ಮಾತು ಬಂತು. ಅದು ರೋಮಿನ 'ಡಿನೇರಿಯಸ್' ಎಂಬ ಬೆಳ್ಳಿಯ ನಾಣ್ಯದ ಹೆಸರಿನಿಂದ ಸಂಸ್ಕೃತಕ್ಕೆ ಬಂದದ್ದು ಎಂದೆ, ನನ್ನ ಪಾಂಡಿತ್ಯ ತೋರಿಸಲು. ಮೇಷ್ಟ್ರು ನಕ್ಕು, "ಶಬ್ದ ಮಾತ್ರ ಬರಲಿಲ್ಲ ಕಣ್ರೀ, ನಾಣ್ಯವೂ ಬಂತು" ಎಂದರು. ಚಿತ್ರದುರ್ಗದ ಮಗ್ಗುಲಿನ ಚಂದ್ರವಳ್ಳಿಯಲ್ಲಿ ಅಗಸ್ಟಸ್ ಮತ್ತು ಟೈಬೀರಿಯಸ್ ದೊರೆಗಳ ಡಿನೇರಿಯಸ್‌ಗಳು ಸಿಕ್ಕಿವೆಯಂತೆ. ನಮ್ಮ ಮೆಣಸು, ಮುತ್ತು, ನವಿರಾದ ಬಟ್ಟೆಗಾಗಿ ವರ್ಷಕ್ಕೆ ೫ ಕೋಟಿ ಸೆಸ್ಟರ್ಷಿಯಸ್ ಹಣ ಭಾರತಕ್ಕೆ ಹರಿದುಹೋಗುತ್ತಿದೆಯೆಂದು ಪ್ಲಿನಿ ಪಂಡಿತ ಹಲುಬಿದ್ದಾನಂತೆ. ಇಷ್ಟು ಹೇಳಿ, ತಾವು ಇಂಗ್ಲೆಂಡಿನಲ್ಲಿ ಓದುವಾಗ ಕೊಂಡಿದ್ದ ಒಂದು ಡಿನೇರಿಯಸನ್ನು ನನ್ನ ಅಂಗೈಯಲ್ಲಿಟ್ಟರು. ಹೆಬ್ಬೆರಳಿನ ಉಗುರಿಗಿಂತ ತುಸು ಅಗಲ. ಮೂರು ಗ್ರಾಮಿನ ಆಸುಪಾಸಿನ ತೂಕ. ಅಂಗೈ ಮುಚ್ಚಿದೆ. ಅಂದಿನಿಂದ ಅದು ಸರಿಯಾಗಿ ಬಿಚ್ಚಿಲ್ಲ.

ಈ ದಾರಿ ಹಿಡಿದವರಿಗೆಲ್ಲ ಮೊದಲು ಬರುವ ಆಸೆ ದೊರೆಗೊಂದು ನಾಣ್ಯ ಬೇಕೆಂಬುದು. ಆಗ ದೊರೆಗಳಿಗೆ ಅಂಕ ಕೊಡುವ ಕೆಲಸ ಶುರುವಾಗುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನ ಕೋಯೆನ್ ಎಂಬಾತ ತನ್ನ ಗ್ರಂಥದಲ್ಲಿ ಒಂದೊಂದು ನಾಣ್ಯದ ಎದುರಿಗೂ ಇಷ್ಟು ಫ್ರಾಂಕ್ ಎಂದು ಬೆಲೆ ಬರೆದ. ಆಮೇಲಿನವರು ಸಾಮಾನ್ಯ, ವಿರಳ, ಅಪರೂಪ, ಅತಿ ಅಪರೂಪ ಎಂದು ಮೆಟ್ಟಿಲು ಕಟ್ಟಿದರು. ಅಳತೆಗೋಲು ಎಲ್ಲಿಯದು ಎಂದರೆ ನೆಲದೊಳಗಿನದು. ೧೯೨೯ರಲ್ಲಿ ಬಲ್ಗೇರಿಯದ ರೇಕಾ ದೇವ್ನ್ಯಾ ಎಂಬಲ್ಲಿ ಒಂದು ನಿಧಿ ಸಿಕ್ಕಿತು. ಅದರಲ್ಲಿ ಎಣಿಸಿ ಪಟ್ಟಿ ಮಾಡಿದ ನಾಣ್ಯಗಳೇ ೮೦,೦೦೦ಕ್ಕೂ ಮೇಲೆ. ಇಷ್ಟು ದೊಡ್ಡ ರಾಶಿಯಲ್ಲಿ ಯಾವ ದೊರೆಯದು ಎಷ್ಟು ಎಂದು ಎಣಿಸಿದರೆ, ಅಂದಿನ ಜನರ ಕೈಯಲ್ಲಿ ಯಾರ ಹಣ ಎಷ್ಟು ಓಡಾಡುತ್ತಿತ್ತು ಎಂಬ ಅಂದಾಜು ಸಿಕ್ಕುತ್ತದೆ. ಪಂಡಿತರು ಇಂದಿಗೂ ಆ ಎಣಿಕೆಯನ್ನು ಮುಂದಿಟ್ಟುಕೊಂಡು ವಾದಿಸುತ್ತಾರೆ.

ಸಾಮಾನ್ಯವಾದ ಸೂತ್ರ ಇಷ್ಟೆ: ಹೆಚ್ಚು ಕಾಲ ಆಳಿದವನು ಅಗ್ಗ, ಬೇಗ ಬಿದ್ದವನು ತುಟ್ಟಿ. ೨೩೮ರಲ್ಲಿ ಆಫ್ರಿಕದಲ್ಲಿ ಗೋರ್ಡಿಯನ್ ಎಂಬ ಮುದುಕನೂ ಅವನ ಮಗನೂ ಚಕ್ರವರ್ತಿಗಳಾದರು. ಮೂರು ವಾರದೊಳಗೆ ಮಗ ಯುದ್ಧದಲ್ಲಿ ಸತ್ತ, ತಂದೆ ನೇಣು ಹಾಕಿಕೊಂಡ. ಚಕ್ರವರ್ತಿಗಳಾಗಿ ಇಬ್ಬರೂ ರೋಮಿನಲ್ಲಿ ಕಾಲಿಡಲಿಲ್ಲ; ಅವರ ಮುಖ ಹೊತ್ತ ನಾಣ್ಯ ಮಾತ್ರ ರೋಮಿನಲ್ಲಿ ಅಚ್ಚಾಯಿತು. ಅವಕ್ಕೆ ಇಂದು ಕಣ್ಣು ಕುಕ್ಕುವ ಬೆಲೆ. ಅದೇ ಹೆಸರಿನ ಮೊಮ್ಮಗ ಆರು ವರ್ಷ ಆಳಿದ; ಅವನ ನಾಣ್ಯ ಹೊಳೆಯ ದಂಡೆಯ ಕಲ್ಲಿನಷ್ಟು ಸುಲಭ. ಆದರೆ ಸೂತ್ರಕ್ಕೆ ಅಪವಾದವಿಲ್ಲದಿದ್ದರೆ ವ್ಯಾಕರಣವೇಕೆ? ೨೭೦ರ ಕ್ವಿಂಟಿಲಸ್ ವರ್ಷ ತುಂಬ ಆಳಲಿಲ್ಲ. ಆದರೂ ಅವನ ನಾಣ್ಯ ಅಗ್ಗ. ಆ ಕಾಲಕ್ಕೆ ಬೆಳ್ಳಿ ಹೆಸರಿಗೆ ಮಾತ್ರ ಉಳಿದು, ಟಂಕಸಾಲೆಗಳು ಹಗಲಿರುಳು ಕಳಪೆ ಹಣವನ್ನು ಉಗುಳುತ್ತಿದ್ದವು. ಇನ್ನು ಡೊಮಿಷಿಯಾನಸ್ ಎಂಬವನದು ಬೇರೆಯೇ ಕಥೆ. ೧೯೦೦ರಲ್ಲಿ ಫ್ರಾನ್ಸಿನಲ್ಲಿ ಅವನ ಒಂದೇ ಒಂದು ನಾಣ್ಯ ಸಿಕ್ಕಿದಾಗ ಪಂಡಿತರು ಅದನ್ನು ಖೋಟಾ ಎಂದು ತಳ್ಳಿಬಿಟ್ಟರು. ೨೦೦೩ರಲ್ಲಿ ಇಂಗ್ಲೆಂಡಿನ ಚಾಲ್‌ಗ್ರೋವ್ ಎಂಬ ಹಳ್ಳಿಯ ಹೊಲದಲ್ಲಿ ಸಿಕ್ಕಿದ ಮಡಕೆಯ ಸುಮಾರು ೫,೦೦೦ ನಾಣ್ಯಗಳ ನಡುವೆ ಅಂಥದೇ ಇನ್ನೊಂದು ಕಂಡಿತು. ನೂರು ವರ್ಷ ಸುಳ್ಳಾಗಿದ್ದ ದೊರೆ ನಿಜವಾದ.

ನನ್ನ ಮನಸ್ಸನ್ನು ಕೆಡಿಸಿದವನು ಇವರಾರೂ ಅಲ್ಲ; ಡಿಡಿಯಸ್ ಜೂಲಿಯಾನಸ್. ೧೯೩ರ ಮಾರ್ಚಿಯಲ್ಲಿ ಅರಮನೆಯ ಕಾವಲು ಸೈನಿಕರು ಪರ್ಟಿನಾಕ್ಸ್ ಎಂಬ ಒಳ್ಳೆಯ ದೊರೆಯನ್ನು ಕೊಂದು, ಸಿಂಹಾಸನವನ್ನು ಹರಾಜಿಗೆ ಇಟ್ಟರು. ಶಿಬಿರದ ಒಳಗೆ ಒಬ್ಬ ಸವಾಲು ಕೂಗಿದ. ಹೊರಗೆ ನಿಂತು ಜೂಲಿಯಾನಸ್ ಮೇಲೆ ಮೇಲೆ ಕೂಗಿದ. ಕೊನೆಗೆ ಸೈನಿಕನೊಬ್ಬನಿಗೆ ೨೫,೦೦೦ ಸೆಸ್ಟರ್ಷಿಯಸ್‌ನಂತೆ ಸಾಮ್ರಾಜ್ಯ ಅವನ ಪಾಲಿಗೆ ನಿಂತಿತು. ಆಳಿದ್ದು ೬೬ ದಿನ. ಡ್ಯಾನ್ಯೂಬ್ ಕಡೆಯಿಂದ ಸೆವೆರಸ್ ದಂಡೆತ್ತಿ ಬಂದ. ಜೂಲಿಯಾನಸ್ ಅರಮನೆಯಲ್ಲೇ ಕೊಲೆಯಾದ. ಅಷ್ಟರೊಳಗೆ ಅವನು ಅಚ್ಚು ಹಾಕಿಸಿದ ನಾಣ್ಯಗಳ ಹಿಂಬದಿಯ ಒಕ್ಕಣೆ ನೋಡಿ: ಒಂದರ ಮೇಲೆ 'ಸೈನಿಕರ ಸೌಹಾರ್ದ', ಇನ್ನೊಂದರ ಮೇಲೆ 'ಲೋಕಪಾಲಕ'. ಹೆಂಡತಿಯ ಹೆಸರಿನಲ್ಲೂ ಮಗಳ ಹೆಸರಿನಲ್ಲೂ ನಾಣ್ಯ ಬಂತು. ಮಗಳ ನಾಣ್ಯದ ಮೇಲೆ 'ಕಾಲದ ಉಲ್ಲಾಸ' ಎಂದು ಬರೆದಿದೆ. ಇಂಥವನ ನಾಣ್ಯವೊಂದು ಪೆಟ್ಟಿಗೆಯಲ್ಲಿರಬೇಡವೆ?

ದೂರದೂರಿನ ವ್ಯಾಪಾರಿಯೊಬ್ಬ 'ಲೋಕಪಾಲಕ'ನನ್ನು ತೋರಿಸಿದ. ಬೆಲೆ ವಾಡಿಕೆಗಿಂತ ಅರ್ಧ. ಆಗಲೇ ನನಗೆ ಎಚ್ಚರವಾಗಬೇಕಿತ್ತು. ನಾಲ್ಕು ವರ್ಷ ಬೇಸಗೆಯಲ್ಲಿ ಉತ್ತರ ಪತ್ರಿಕೆ ತಿದ್ದಿ ಬಂದ ಹಣವನ್ನು ನನ್ನಾಕೆ ಮಗಳ ವೀಣೆಗೆಂದು ಬೇರೆ ತೆಗೆದಿಟ್ಟಿದ್ದಳು. ನಾಣ್ಯವೆಲ್ಲಿ ಹೋದೀತು, ಬೇಕಾದಾಗ ಹಣವಾದೀತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು, ಅವಳಿಗೆ ಹೇಳದೆ ಆ ಹಣ ಕೊಟ್ಟು ಬಂದೆ.

ಮೇಷ್ಟ್ರು ನಾಣ್ಯವನ್ನು ಕಿಟಕಿಯ ಬಳಿಗೆ ಒಯ್ದರು. ಮುಖ ನೋಡಲಿಲ್ಲ, ಒಕ್ಕಣೆ ಓದಲಿಲ್ಲ. ಭೂತಗನ್ನಡಿ ಹಿಡಿದು ಅಂಚನ್ನಷ್ಟೇ ಸುತ್ತಲೂ ತಿರುಗಿಸಿ ನೋಡಿದರು. ಆಮೇಲೆ ಗನ್ನಡಿಯನ್ನು ನನ್ನ ಕೈಗೆ ಕೊಟ್ಟರು. ಅಂಚಿನ ನಡುವೆ ಕೂದಲೆಳೆಯಂಥ ಗೆರೆ. ಎರಡು ಹೋಳಿನ ಎರಕದ ಅಚ್ಚು ಕೂಡಿದ ಗುರುತು. ಅಕ್ಷರಗಳ ಬುಡದಲ್ಲಿ ಸೂಜಿಮೊನೆಯಂಥ ತೂತುಗಳು. ರೋಮಿನವರು ನಾಣ್ಯವನ್ನು ಸುತ್ತಿಗೆಯಲ್ಲಿ ಬಡಿದು ಮಾಡುತ್ತಿದ್ದರು. ಇದು ಎರಕ ಹೊಯ್ದದ್ದು.

"ಡೊಮಿಷಿಯಾನಸ್‌ನ ಹಾಗೆ ಇದೂ ಮುಂದೆ ನಿಜವಾಗಬಾರದೆ ಮೇಷ್ಟ್ರೇ?" ಎಂದೆ. ನಗುವ ಪ್ರಯತ್ನ ಅದು.

"ಆದೀತು. ನೂರು ವರ್ಷ ಕಾಯಿರಿ" ಎಂದರು. ಮತ್ತೆ ಮೆಲ್ಲಗೆ, "ಮನೆಯಲ್ಲಿ ಹೇಳಿದಿರಾ?" ಎಂದರು.

ಅಂದು ರಾತ್ರಿ ಹೇಳಿದೆ. ನನ್ನಾಕೆ ಕೂಗಾಡಲಿಲ್ಲ, ಕೂಗಾಡಿದ್ದರೆ ಚೆನ್ನಾಗಿತ್ತು. "ಮಗುವಿಗೆ ನೀವೇ ಹೇಳಿ" ಎಂದಳು, ಅಷ್ಟೆ. ಹೇಳಿದೆ. ಹನ್ನೆರಡು ವರ್ಷದ ಹುಡುಗಿ ಒಂದು ಗಳಿಗೆ ಸುಮ್ಮನಿದ್ದು, "ಟೀಚರ್ ಮನೆ ವೀಣೆ ಇದೆಯಲ್ಲ ಅಪ್ಪ" ಎಂದಳು. ಆ ವರ್ಷವೆಲ್ಲ ಅವಳು ಬೆಳಗ್ಗೆ ಆರು ಗಂಟೆಗೆ, ಬೇರೆ ಮಕ್ಕಳು ಬರುವ ಮುಂಚೆ, ಅಲ್ಲಿಗೆ ಹೋಗಿ ಅಭ್ಯಾಸ ಮಾಡಿದಳು. ವ್ಯಾಪಾರಿಗೆ ನಾನು ಬರೆದ ಮೂರು ಕಾಗದಕ್ಕೂ ಉತ್ತರ ಬರಲಿಲ್ಲ.

ಎಷ್ಟೋ ದಿನ ಪೆಟ್ಟಿಗೆಯನ್ನು ಮುಟ್ಟಲಿಲ್ಲ. ಒಂದು ಭಾನುವಾರ ನನ್ನಾಕೆಯೇ ತೆಗೆದು, ಒಂದು ನಾಣ್ಯ ಹಿಡಿದು, "ಈಕೆ ಯಾರು?" ಎಂದು ಕೇಳಿದಳು. ಹೆರಳನ್ನು ನೆತ್ತಿಯ ಮೇಲೆ ಸುರುಳಿ ಕಟ್ಟಿದ ಹೆಂಗಸು. ನಾನು ಕೊಂಡವುಗಳಲ್ಲೆಲ್ಲ ಅಗ್ಗವಾದದ್ದು.

ಅವಳು ಫೌಸ್ಟೀನ, ಆಂಟೊನೈನಸ್ ಪಯಸ್ ದೊರೆಯ ಹೆಂಡತಿ. ಅವನು ೧೩೮ರಿಂದ ೧೬೧ರವರೆಗೆ ೨೩ ವರ್ಷ ಆಳಿದ. ಚರಿತ್ರೆ ಬರೆಯುವವರಿಗೆ ಅವನಿಂದ ಲಾಭವಿಲ್ಲ. ದೊಡ್ಡ ದಂಡಯಾತ್ರೆಗೆ ತಾನಾಗಿ ಹೊರಡಲಿಲ್ಲ, ಯಾರ ಸಿಂಹಾಸನವನ್ನೂ ಕಸಿಯಲಿಲ್ಲ. ಪಟ್ಟಕ್ಕೆ ಬಂದ ಎರಡು ಮೂರು ವರ್ಷಕ್ಕೆ ಹೆಂಡತಿ ತೀರಿಕೊಂಡಳು. ಮತ್ತೆ ಅವನು ಮದುವೆಯಾಗಲಿಲ್ಲ. ಅವಳಿಗೊಂದು ಗುಡಿ ಕಟ್ಟಿಸಿದ. ಅದರ ಕಂಬಗಳು ರೋಮಿನಲ್ಲಿ ಇಂದಿಗೂ ನಿಂತಿವೆ. ಬಡ ಹೆಣ್ಣುಮಕ್ಕಳ ಪೋಷಣೆಗೆ ಅವಳ ಹೆಸರಿನಲ್ಲಿ ಒಂದು ದತ್ತಿ ಇಟ್ಟ. ಅವಳ ಮುಖದ ನಾಣ್ಯಗಳನ್ನು, 'ದಿವ್ಯಳಾದ ಫೌಸ್ಟೀನ' ಎಂದು ಒಕ್ಕಣೆ ಹಾಕಿಸಿ, ವರ್ಷ ವರ್ಷವೂ ಅಚ್ಚು ಹಾಕಿಸಿದ. ಎಷ್ಟು ಹಾಕಿಸಿದನೆಂದರೆ, ಇಂದು ಅವಕ್ಕೆ ಬೆಲೆಯಿಲ್ಲ.

ಇದನ್ನೆಲ್ಲ ಹೇಳುತ್ತ ಹೇಳುತ್ತ ನನಗೇ ನಾಚಿಕೆಯಾಯಿತು. ಅಷ್ಟು ವರ್ಷ ಆ ನಾಣ್ಯದ ಎದುರಿಗೆ ನನ್ನ ಪುಸ್ತಕದಲ್ಲಿ ನಾನು ಬರೆದಿದ್ದದ್ದು 'ಸಾಮಾನ್ಯ' ಎಂಬ ಒಂದೇ ಮಾತು. ಅಪರೂಪ ಎನ್ನುವುದು ಎಷ್ಟು ಉಳಿಯಿತು ಎಂಬುದರ ಲೆಕ್ಕ. ಏಕೆ ಅಷ್ಟು ಅಚ್ಚಾಯಿತು ಎಂಬುದನ್ನು ಅದು ಕೇಳುವುದಿಲ್ಲ. ಹಣ ಕೊಟ್ಟು ಗದ್ದುಗೆ ಕೊಂಡವನು ಬೇಗ ಸತ್ತದ್ದರಿಂದ ತುಟ್ಟಿಯಾದ. ಹೆಂಡತಿಯನ್ನು ಮರೆಯಲಾರದವನು ಅವಳನ್ನು ಅಗ್ಗ ಮಾಡಿಟ್ಟ.

"ಹಾಗಾದರೆ ಸುಮಾರು ಜನರ ಮನೇಲಿ ಇದ್ದಾಳೆ ಅನ್ನಿ" ಎಂದಳು ನನ್ನಾಕೆ. ನಾಣ್ಯವನ್ನು ಸೆರಗಿನಿಂದ ಒರೆಸಿ ಇಟ್ಟಳು. ನಾಣ್ಯವನ್ನು ಹಾಗೆ ಒರೆಸಬಾರದು. ಅಂದು ನಾನು ಬಾಯಿ ಬಿಡಲಿಲ್ಲ.

ಮುಂದಿನ ಬೇಸಗೆಯಲ್ಲಿ ಎರಡು ಪಾಲು ಪತ್ರಿಕೆ ತಿದ್ದಿದೆ, ಸ್ವಲ್ಪ ಸಾಲವೂ ಆಯಿತು, ವೀಣೆ ಬಂತು. ಖೋಟಾ ಜೂಲಿಯಾನಸ್‌ನನ್ನು ನಾನು ಎಸೆದಿಲ್ಲ. ಫೌಸ್ಟೀನಳ ಪಕ್ಕದ ಗೂಡಿನಲ್ಲಿ ಇಟ್ಟಿದ್ದೇನೆ. ಬಂದವರು "ಇದರಲ್ಲಿ ಬಹಳ ಬೆಲೆಯದು ಯಾವುದು?" ಎಂದು ಕೇಳಿದರೆ ಅದನ್ನೇ ತೋರಿಸುತ್ತೇನೆ. ಒಳಗಿನಿಂದ ಮಗಳು ಕೂಗಿ ಹೇಳುತ್ತಾಳೆ: "ಅದು ವೀಣೆ ನಾಣ್ಯ!"