ಬಾಂಡ್ ಕಾರೂ, ನಮ್ಮಪ್ಪನ ಡಬ್ಬೀನೂ

ಅಣ್ಣಾವ್ರು ಸಿ.ಐ.ಡಿ. 999 ಆಗಿ ಬಂದ ‘ಜೇಡರ ಬಲೆ’ 1968ರದ್ದು. ನಾನು ನೋಡಿದ್ದು ಎಷ್ಟೋ ವರ್ಷದ ಮೇಲೆ, ಟೆಂಟಿನ ನೆಲದಲ್ಲಿ ಕೂತು, ಅಪ್ಪನ ಜೊತೆ. ಆಚೆ ಬಂದವನೇ, “ಇಂಗ್ಲಿಷ್ ಬಾಂಡ್‌ಗೆ ಆಸ್ಟನ್ ಮಾರ್ಟಿನ್ ಅಂತ ಕಾರಿದೆಯಂತೆ ಅಪ್ಪಾ, ಒಂದ್ಸಲ ಮುಟ್ಟಬೇಕು” ಅಂದೆ. ಪೀಣ್ಯದಲ್ಲಿ ಲೇಥ್ ಕೆಲಸದ ಅಪ್ಪ ನಕ್ಕರು. “ಮೊದಲು ಥ್ರೆಡ್ ಹಾಕೋದು ಕಲಿ ಮಗನೇ!”

ಕಲಿತೆ. ಕಾರು ಮಾತ್ರ ಪೋಸ್ಟರಿನಲ್ಲೇ ಉಳಿಯಿತು. 2019ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಅಂಥದೇ ಒಂದು ಡಿಬಿ5 ಹರಾಜಾಯಿತು. 1965ರ ‘ಥಂಡರ್‌ಬಾಲ್’ ಪ್ರಚಾರಕ್ಕೆ ಬಳಸಿದ್ದು. ಚಿತ್ರದಲ್ಲಿ ಮುಖ ತೋರಿಸಿದ್ದೂ ಅಲ್ಲ! ಹೋದ ಬೆಲೆ 63 ಲಕ್ಷ ಡಾಲರಿಗೂ ಮೇಲೆ. ಸುದ್ದಿ ಓದುತ್ತಾ ನನ್ನ ಟೀ ಆರಿಹೋಯಿತು.

ಅದೇ ವರ್ಷ ದೀಪಾವಳಿ ಹೊತ್ತಿಗೆ ಯಜಮಾನರೊಬ್ಬರು ಶೆಡ್ಡಿಗೆ ಬಂದರು. ಕೈಯಲ್ಲಿ ಸವೆದ ಬೋಲ್ಟು, ಐವತ್ತರ ದಶಕದ ಇಂಗ್ಲಿಷ್ ಕಾರಿನದು. ಬೇರೆಲ್ಲೋ ಮಾಡಿಸಿದ್ದು ಕೂರಲಿಲ್ಲವಂತೆ. ನೋಡಿದೊಡನೆ ಗೊತ್ತಾಯಿತು: ವಿಟ್‌ವರ್ತ್ ಥ್ರೆಡ್, 55 ಡಿಗ್ರಿ. ಮೆಟ್ರಿಕ್‌ನದು 60. ಐದೇ ಡಿಗ್ರಿ ಸ್ವಾಮಿ, ಅಷ್ಟಕ್ಕೇ ಎಂಥಾ ಕಾರೂ ಮೂಲೆ ಸೇರುತ್ತೆ!

ಅಪ್ಪ ತೀರಿಕೊಂಡು ಮೂರು ತಿಂಗಳಾಗಿತ್ತು. ಅವರ ಟೂಲ್ ಡಬ್ಬಿ ತೆರೆಯಲು ಧೈರ್ಯ ಬಂದಿರಲಿಲ್ಲ. ಅವತ್ತು ತೆರೆದೆ. 55ರ ಗೇಜು ಎಣ್ಣೆ ಬಟ್ಟೆಯಲ್ಲಿ ಸುತ್ತಿತ್ತು, ಒಂದು ಚುಕ್ಕಿ ತುಕ್ಕಿಲ್ಲ. ಟೂಲು ಮಸೆದು ಬೋಲ್ಟು ಮಾಡಿದೆ. ಕೈಯಲ್ಲಿ ತಿರುಗಿಸಿದರೇ ಸಲೀಸಾಗಿ ಕೂತಿತು.

“ಎಷ್ಟಾಯ್ತಪ್ಪಾ?” ಅಂದರು. “ಒಂದ್ಸಲ ಕಾರು ಮುಟ್ಟಬೇಕು ಸಾರ್” ಅಂದೆ.

ಭಾನುವಾರ ತಂದರು. ಬಾಂಡ್ ಕಾರಲ್ಲ ಬಿಡಿ. ಆದರೂ ಬಾನೆಟ್ ಮೇಲೆ ಕೈಯಿಟ್ಟು ಸುಮ್ಮನೆ ನಿಂತೆ, ಕಣ್ಣು ತುಂಬಿ ಬಂತು.

ಕೂಲಿ ಬಿಟ್ಟೆ ಅಂದ್ಕೋಬೇಡಿ, ಅದನ್ನೂ ತಗೊಂಡೆ. ಇಲ್ಲದಿದ್ದರೆ ಅಪ್ಪ ಮೇಲಿಂದಲೇ ಬಯ್ಯುತ್ತಿದ್ದರು!